ವೇದಿಕೆಯಲ್ಲಿ ಹಾಡಿದರೆ ಬರೆದವರಿಗೆ ದುಡ್ಡು ಹೇಗೆ ಬರುತ್ತದೆ?

ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ, ಉಪ್ಪಳ ಕಡೆಯ ಯಾವುದಾದರೂ ರಸಮಂಜರಿಯ ಖರ್ಚಿನ ಪಟ್ಟಿ ನೋಡಿ. ಮೈಕ್ ಸೆಟ್ಟಿಗೆ ಇಷ್ಟು, ಲೈಟಿಂಗಿಗೆ ಇಷ್ಟು, ಜನರೇಟರ್, ಶಾಮಿಯಾನ, ಗಾಯಕರ ಸಂಭಾವನೆ, ಕೀಬೋರ್ಡಿನವರಿಗೆ, ತಬಲದವರಿಗೆ, ವಾಹನ ಬಾಡಿಗೆ, ಊಟ. ಪೊಲೀಸರಿಂದ ಮೈಕ್ ಪರ್ಮಿಷನ್ ತರಲು ಓಡಾಡಿದ ಖರ್ಚೂ ಅದರಲ್ಲಿ ಇರುತ್ತದೆ. ಹಾಡು ಬರೆದವರ, ರಾಗ ಹಾಕಿದವರ ಹೆಸರಿನಲ್ಲಿ ಮಾತ್ರ ಒಂದು ಸಾಲೂ ಇರುವುದಿಲ್ಲ. ಬೇಕೆಂದೇ ಬಿಟ್ಟದ್ದಲ್ಲ. ಹಾಗೊಂದು ಲೆಕ್ಕ ಇದೆ ಅಂತಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಕಾಸರಗೋಡಿನಲ್ಲಿ ಹಾಡು ಬರೆಯುವವರಿಗೆ ಬರಗಾಲ ಇಲ್ಲ. ಒಂದು ಕ್ಷೇತ್ರದಲ್ಲಿ ಬ್ರಹ್ಮಕಲಶೋತ್ಸವ ಎಂದರೆ ಅದರ ಮಹಿಮೆಯ ಭಕ್ತಿಗೀತೆಗಳು ಬಂದೇ ಬರುತ್ತವೆ. ಮೊದಲು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು, ಆಮೇಲೆ ಸಿಡಿಯಲ್ಲಿ, ಈಗ ಯೂಟ್ಯೂಬಿನಲ್ಲಿ. ಬರೆಯುವವರು ಶಾಲೆಯ ಮಾಸ್ತರರು, ಕೃಷಿಕರು, ಬ್ಯಾಂಕಿನಿಂದ ನಿವೃತ್ತರಾದವರು. ಬಿಡುಗಡೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ಕೊಡುತ್ತಾರೆ. ಆಮೇಲೆ ಅದೇ ಹಾಡನ್ನು ಹತ್ತಾರು ತಂಡಗಳು ನೂರಾರು ವೇದಿಕೆಗಳಲ್ಲಿ ಹಾಡುತ್ತವೆ. ಬರೆದವರಿಗೆ ಶಾಲಿನ ನಂತರ ಏನೂ ಇಲ್ಲ. ಕಾನೂನು ಹೇಳುವುದು ಬೇರೆ. ಅದು ಏನು ಹೇಳುತ್ತದೆ, ದುಡ್ಡು ಯಾವ ದಾರಿಯಲ್ಲಿ ಬರುತ್ತದೆ, ನಮ್ಮ ಕಡೆಗೆ ಯಾಕೆ ಬರುತ್ತಿಲ್ಲ ಎಂದು ನೋಡೋಣ.

ಒಂದೇ ವೇದಿಕೆ, ಎರಡು ಹಣ

ನೀವೇ ಬರೆದು, ನೀವೇ ರಾಗ ಹಾಕಿ, ನೀವೇ ಹಾಡಿದಿರಿ ಅಂದುಕೊಳ್ಳಿ. ಆ ರಾತ್ರಿ ನಿಮಗೆ ಸಿಗಬೇಕಾದ ಹಣ ಎರಡು ಬಗೆಯದು. ಒಂದು ಹಾಡಿದ ಕೆಲಸಕ್ಕೆ ಸಿಗುವ ಸಂಭಾವನೆ. ಇದು ಎಲ್ಲರಿಗೂ ಗೊತ್ತು. ಇನ್ನೊಂದು ಹಾಡನ್ನು ಸಾರ್ವಜನಿಕವಾಗಿ ಬಳಸಿದ್ದಕ್ಕೆ ಬರುವ ರಾಯಲ್ಟಿ. ಇದು ಹಾಡಿನ ಹಿಂದೆ ಹೋಗುತ್ತದೆ, ಹಾಡುವವರ ಹಿಂದೆ ಅಲ್ಲ. ನಿಮ್ಮ ಹಾಡನ್ನು ನಾಳೆ ಬೇರೊಬ್ಬರು ಹಾಡಿದರೆ ಸಂಭಾವನೆ ಅವರಿಗೆ, ರಾಯಲ್ಟಿ ಆಗಲೂ ನಿಮಗೇ. ಅಡಿಕೆಯನ್ನು ಒಮ್ಮೆ ಮಾರಿದರೆ ಮುಗಿಯಿತು, ಅದು ಎಷ್ಟು ಕೈ ಬದಲಾಯಿಸಿದರೂ ಬೆಳೆದವನಿಗೆ ಮತ್ತೆ ಏನೂ ಸಿಗುವುದಿಲ್ಲ. ಹಾಡಿಗೆ ಕಾನೂನು ಬೇರೆ ದಾರಿ ಇಟ್ಟಿದೆ. ಪ್ರತಿ ಬಳಕೆಗೂ ಲೆಕ್ಕ ಉಂಟು.

ಇದಕ್ಕೆ ಆಧಾರ 1957ರ ಕಾಪಿರೈಟ್ ಕಾಯ್ದೆ. ಅದರ ಪ್ರಕಾರ ಹಾಡಿನ ಮಾತು ಒಂದು ಕೃತಿ, ರಾಗ ಸಂಯೋಜನೆ ಇನ್ನೊಂದು ಕೃತಿ, ಸ್ಟುಡಿಯೋದಲ್ಲಿ ಆದ ರೆಕಾರ್ಡಿಂಗ್ ಮೂರನೆಯದು. ಮೂರಕ್ಕೂ ಬೇರೆ ಬೇರೆ ಮಾಲೀಕರು ಇರಬಹುದು. ವೇದಿಕೆಯಲ್ಲಿ ವಾದ್ಯದವರನ್ನು ಇಟ್ಟುಕೊಂಡು ಹಾಡಿದರೆ ಮೊದಲಿನ ಎರಡು ಮಾತ್ರ ಲೆಕ್ಕಕ್ಕೆ ಬರುತ್ತವೆ. ಕರೋಕೆ ಟ್ರ್ಯಾಕ್ ಹಾಕಿ ಹಾಡಿದರೆ ಟ್ರ್ಯಾಕ್ ಕೂಡ ಒಂದು ರೆಕಾರ್ಡಿಂಗ್ ಆದ್ದರಿಂದ ಅದರ ಮಾಲೀಕರ ಅನುಮತಿಯೂ ಬೇಕು. ರಾಗ ಹಾಕಿದವರು ಸ್ವರಲಿಪಿ ಬರೆದಿರಬೇಕೆಂದೂ ಇಲ್ಲ. ಹಾರ್ಮೋನಿಯಂ ಮುಂದೆ ಕೂತು ಬಾಯಲ್ಲೇ ಕಲಿಸಿದರೂ ಅವರು ಸಂಯೋಜಕರೇ ಎಂದು ಕಾಯ್ದೆಯಲ್ಲೇ ಇದೆ. ನಮ್ಮ ಕಡೆಯ ಸಂಯೋಜಕರಲ್ಲಿ ಹೆಚ್ಚಿನವರು ಕೆಲಸ ಮಾಡುವುದು ಹಾಗೆಯೇ ಅಲ್ವಾ?

ಕೊಡುವವರು ಯಾರು?

ಇಲ್ಲಿ ದೊಡ್ಡ ಗೊಂದಲ ಇದೆ. ಗಾಯಕರು ಕೊಡಬೇಕು ಅಂತ ಹಲವರು ತಿಳಿದಿದ್ದಾರೆ. ತಾವು ರಾಗ ಹಾಕಿದ ಹಾಡುಗಳನ್ನು ಅನುಮತಿ ಇಲ್ಲದೆ ವೇದಿಕೆಯಲ್ಲಿ ಹಾಡಬಾರದು ಎಂದು 2017ರ ಮಾರ್ಚಿನಲ್ಲಿ ಇಳಯರಾಜ ಅವರ ಕಡೆಯಿಂದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಲೀಗಲ್ ನೋಟಿಸ್ ಹೋದದ್ದು ನೆನಪಿರಬಹುದು. ಎಸ್‌ಪಿಬಿ ಆಗ ಅಮೆರಿಕದಲ್ಲಿ ಕಾರ್ಯಕ್ರಮ ಕೊಡುತ್ತಿದ್ದರು. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದವರ ನಡುವೆ ಹೀಗಾಯಿತಲ್ಲ ಎಂದು ಜನ ನೊಂದುಕೊಂಡರು. ಆ ನೋವಿನಲ್ಲಿ ಮೂಲ ಪ್ರಶ್ನೆ ಹಿಂದೆ ಸರಿಯಿತು. ಹಾಡು ಹಾಡಿದವರಿಗೂ ಹಾಡಿನ ಕಾಪಿರೈಟಿಗೂ ಸಂಬಂಧ ಇಲ್ಲ. ಕಾರ್ಯಕ್ರಮಕ್ಕೆ ಲೈಸೆನ್ಸ್ ಪಡೆಯುವುದು ರೂಢಿಯಲ್ಲಿ ಸಂಘಟಕರ ಕೆಲಸ. ಜಗತ್ತಿನ ಹೆಚ್ಚಿನ ಕಡೆ ಹೀಗೇ ನಡೆಯುತ್ತದೆ. ಹಾಲ್ ಬಾಡಿಗೆಗೆ ಕೊಡುವವರೂ ಪೂರ್ತಿ ಹೊರಗಿಲ್ಲ. ಲೈಸೆನ್ಸ್ ಇಲ್ಲದ ಕಾರ್ಯಕ್ರಮ ಎಂದು ಗೊತ್ತಿದ್ದೂ ಲಾಭಕ್ಕಾಗಿ ಜಾಗ ಕೊಟ್ಟರೆ ಅವರ ಮೇಲೂ ಹೊಣೆ ಬರುತ್ತದೆ.

ಆದರೆ ಸಂಘಟಕರು ಒಂದೊಂದು ಹಾಡಿಗೂ ಕವಿಯ ಮನೆ, ಸಂಯೋಜಕರ ಮನೆ ಹುಡುಕಿಕೊಂಡು ಹೋಗಲು ಆಗುತ್ತದಾ? ಆಗುವುದಿಲ್ಲ. ಅದಕ್ಕೇ ಬರೆಯುವವರೆಲ್ಲ ಸೇರಿ ಒಂದು ಸಂಸ್ಥೆ ಮಾಡಿಕೊಳ್ಳುವ ಪದ್ಧತಿ ಬಂದದ್ದು. ಅದು ಶುರುವಾದದ್ದು ಪ್ಯಾರಿಸ್‌ನಲ್ಲಿ. 1847ರಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನೆಕಾರ ತನ್ನ ಇಬ್ಬರು ಸಂಯೋಜಕ ಗೆಳೆಯರ ಜೊತೆ ಒಂದು ಕೆಫೆಯಲ್ಲಿ ಕೂತಿದ್ದ. ಅಲ್ಲಿ ಇವರದೇ ಹಾಡುಗಳು ನಡೆಯುತ್ತಿದ್ದವು. ಕುಡಿದದ್ದಕ್ಕೆ ಬಿಲ್ ಬಂದಾಗ ಇವರು ಕೊಡಲಿಲ್ಲ. ನಮ್ಮ ಹಾಡಿಗೆ ನೀವು ಕೊಟ್ಟಿಲ್ಲ, ನಿಮ್ಮ ಸಕ್ಕರೆ ನೀರಿಗೆ ನಾವೂ ಕೊಡುವುದಿಲ್ಲ ಎಂದರು. ವಿಷಯ ಕೋರ್ಟಿಗೆ ಹೋಯಿತು, ಬರೆದವರು ಗೆದ್ದರು. 1851ರಲ್ಲಿ ಅಲ್ಲಿ ಸಾಸೆಂ ಎಂಬ ಸಂಸ್ಥೆ ಹುಟ್ಟಿತು. ಈಗಲೂ ಅದು ಕೆಲಸ ಮಾಡುತ್ತಿದೆ.

ನಮ್ಮಲ್ಲಿ ಆ ಕೆಲಸ ಮಾಡುವುದು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್. 1969ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಮುಂಬೈಯಲ್ಲಿ. ಗೀತರಚನೆಕಾರರು, ಸಂಯೋಜಕರು, ಹಾಡಿನ ಹಕ್ಕು ಇಟ್ಟುಕೊಂಡ ಕಂಪನಿಗಳು, ಮೂವರೂ ಇದರ ಸದಸ್ಯರು. ಸಂಘಟಕರು ಇಲ್ಲಿ ಒಂದು ಲೈಸೆನ್ಸ್ ಪಡೆದರೆ ಸದಸ್ಯರ ಎಲ್ಲ ಹಾಡುಗಳಿಗೂ ಅನುಮತಿ ಸಿಕ್ಕಿದ ಹಾಗೆ. ಬೇರೆ ದೇಶಗಳ ಇಂಥ ಸಂಸ್ಥೆಗಳ ಜೊತೆಗೂ ಒಪ್ಪಂದ ಇದೆ. ಹಾಗಾಗಿ ಮಂಜೇಶ್ವರದ ಒಬ್ಬರು ಬರೆದ ಹಾಡನ್ನು ಲಂಡನ್ನಿನ ಕನ್ನಡಿಗರು ಹಾಲಿನಲ್ಲಿ ಹಾಡಿಸಿದರೆ ಅಲ್ಲಿನ ಸಂಸ್ಥೆ ಹಣ ವಸೂಲು ಮಾಡಿ ಇಲ್ಲಿಗೆ ಕಳಿಸಬಹುದು. ಆದರೆ ಬರೆದವರು ಸದಸ್ಯರಾಗಿರಬೇಕು, ಹಾಡು ದಾಖಲಾಗಿರಬೇಕು.

ನನ್ನದೇ ಹಾಡನ್ನು ನಾನು ಹಾಡುವುದಕ್ಕೂ ಲೈಸೆನ್ಸ್ ಯಾಕೆ ಎಂದು ಕೇಳುವವರಿದ್ದಾರೆ. ಸದಸ್ಯರಾಗುವಾಗ ನೀವು ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ನೋಡಿಕೊಳ್ಳಲು ಸಂಸ್ಥೆಗೆ ಬರೆದುಕೊಡುತ್ತೀರಿ. ಆಮೇಲೆ ನೀವೇ ಹಾಡಿದರೂ ಸಂಘಟಕರು ಸಂಸ್ಥೆಗೆ ಕಟ್ಟುತ್ತಾರೆ, ಅದರ ಖರ್ಚು ಕಳೆದು ಉಳಿದದ್ದು ನಿಮ್ಮ ಖಾತೆಗೆ ಬರುತ್ತದೆ. ಸುತ್ತಿ ಬಳಸಿ ಬರುವ ಹಣ ಅನಿಸಬಹುದು. ಆದರೆ ಈ ಸುತ್ತು ಇರುವುದರಿಂದಲೇ ನೀವು ಇಲ್ಲದ ವೇದಿಕೆಯಿಂದಲೂ ಹಣ ಬರಲು ಸಾಧ್ಯ.

ಎಷ್ಟು, ಹೇಗೆ ಹಂಚುತ್ತಾರೆ?

ದರ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ 2018ರಲ್ಲಿ ಬಂದ ದರ ಟಿಕೆಟ್ ಇಟ್ಟ ಪಾಪ್ ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ಆದಾಯದ ಶೇ. 4.2, ದೊಡ್ಡ ಸಂಗೀತ ಮೇಳಗಳಿಗೆ ಶೇ. 2.7 ಇತ್ತು. ಹತ್ತು ಪೌಂಡಿನ ಟಿಕೆಟ್, 200 ಜನ ಬಂದರೆ 2000 ಪೌಂಡ್ ಆಯಿತು. ಶೇ. 4.2ರ ಲೆಕ್ಕದಲ್ಲಿ ಅದರಲ್ಲಿ 84 ಪೌಂಡ್ ಹಾಡು ಬರೆದವರ ಕಡೆಗೆ ಹೋಗಬೇಕು. ನಮ್ಮ ದೇಶದಲ್ಲಿ ಯಾವ ಬಗೆಯ ಕಾರ್ಯಕ್ರಮಕ್ಕೆ ಎಷ್ಟು ದರ ಎಂದು ಸಂಸ್ಥೆ ಮೊದಲೇ ಪ್ರಕಟಿಸಬೇಕು. ಇದು ಕಾಯ್ದೆಯಲ್ಲೇ ಇರುವ ನಿಯಮ. ಹೆಚ್ಚು ಕೇಳಿದ್ದಾರೆ ಅನಿಸಿದರೆ ಸಂಘಟಕರು ಆ ದರದ ಪಟ್ಟಿ ತೆಗೆದು ನೋಡಬಹುದು.

ಹಂಚಿಕೆಯ ವಿಷಯದಲ್ಲಿ ನಮ್ಮವರಿಗೆ ಬಹಳ ವರ್ಷ ಅನ್ಯಾಯ ಆಗಿದೆ ಎಂದೇ ನನ್ನ ಅಭಿಪ್ರಾಯ. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಸಿನಿಮಾಕ್ಕೆಂದು ನಿರ್ಮಾಪಕರು ದುಡ್ಡು ಕೊಟ್ಟು ಮಾಡಿಸಿದ ಸಂಗೀತಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರೇ ಮಾಲೀಕರು ಎಂದಿತು. ಆ ತೀರ್ಪಿಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಪ್ರತ್ಯೇಕ ಟಿಪ್ಪಣಿ ಸೇರಿಸಿದರು. ನಮ್ಮಿಂದ ದೂರವಿಲ್ಲದ ತಲಶ್ಶೇರಿಯಲ್ಲಿ ವಕೀಲಿ ಮಾಡಿದವರು, 1957ರ ಕೇರಳ ಮಂತ್ರಿಮಂಡಲದಲ್ಲಿ ಕಾನೂನು ಮಂತ್ರಿ ಆಗಿದ್ದವರು ಅವರು. ಹಾಡುವವರಿಗೆ ನಮ್ಮ ಕಾಯ್ದೆಯಲ್ಲಿ ಯಾವ ಹಕ್ಕೂ ಇಲ್ಲ, ಇದು ಸರಿಯಲ್ಲ ಎಂದು ಅದರಲ್ಲಿ ಬರೆದರು. ಗಾಯಕರ, ವಾದ್ಯದವರ ಹಕ್ಕು ಕಾಯ್ದೆಗೆ ಸೇರಿದ್ದು 1994ರ ತಿದ್ದುಪಡಿಯಲ್ಲಿ.

ಬರೆಯುವವರ ಪರಿಸ್ಥಿತಿ ಬದಲಾದದ್ದು 2012ರ ತಿದ್ದುಪಡಿಯಿಂದ. ಸಿನಿಮಾದಲ್ಲೋ ಆಲ್ಬಮ್ಮಿನಲ್ಲೋ ಬಳಸಿದ ಹಾಡಿನ ರಾಯಲ್ಟಿಯನ್ನು ಬರೆದವರು ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ. ಹಕ್ಕು ಮಾರಿದರೂ ರಾಯಲ್ಟಿಯಲ್ಲಿ ಸಮಪಾಲು ಬರಬೇಕು. ಅದನ್ನು ವಾರಸುದಾರರಿಗೋ ಹಂಚಿಕೆಗಾಗಿ ಐಪಿಆರ್‌ಎಸ್‌ನಂಥ ಕಾಪಿರೈಟ್ ಸೊಸೈಟಿಗೋ ಮಾತ್ರ ಕೊಡಬಹುದು. ಸಿನಿಮಾ ಟಾಕೀಸಿನಲ್ಲಿ ತೋರಿಸುವಾಗ ಮಾತ್ರ ಈ ಪಾಲು ಇಲ್ಲ. ವೇದಿಕೆಗೆ ಇದೆ. ‘ಎಲ್ಲ ಹಕ್ಕುಗಳನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ’ ಎಂದು ಸಹಿ ಹಾಕಿದ್ದರೂ ರಾಯಲ್ಟಿಯ ಮಟ್ಟಿಗೆ ಆ ಮಾತಿಗೆ ಬೆಲೆ ಇಲ್ಲ. ಆಲ್ಬಂ ಕಂಪನಿಗಳಿಗೆ ಬರೆಯುವ ನಮ್ಮ ಕಡೆಯ ಕವಿಗಳು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಹಾಡಿನ ಪಟ್ಟಿ ಎಂಬ ಕಾಗದ

ಇಡೀ ವ್ಯವಸ್ಥೆ ನಿಂತಿರುವುದು ಒಂದು ಹಾಳೆಯ ಮೇಲೆ. ಆ ರಾತ್ರಿ ಯಾವ ಯಾವ ಹಾಡು ಹಾಡಿದರು ಎಂಬ ಪಟ್ಟಿ. ಲೈಸೆನ್ಸ್ ಹಣ ಕಟ್ಟಿದರೂ ಪಟ್ಟಿ ಕೊಡದಿದ್ದರೆ ಆ ಹಣ ಯಾರದು ಎಂದು ಸಂಸ್ಥೆಗೆ ತಿಳಿಯುವುದಿಲ್ಲ. ಪಟ್ಟಿ ಇಲ್ಲದ ಹಣವನ್ನು ರೇಡಿಯೋ, ಟಿವಿ, ಆನ್‌ಲೈನ್ ಬಳಕೆಯಂಥ ಬೇರೆ ಮಾಹಿತಿ ಹಿಡಿದು ಹಂಚುವುದು ಇಂಥ ಸಂಸ್ಥೆಗಳಲ್ಲಿ ಇರುವ ರೂಢಿ. ಹಾಗೆ ಹಂಚಿದರೆ ಯಾರಿಗೆ ಹೋಗುತ್ತದೆ? ಎಲ್ಲೆಡೆ ಕೇಳಿಬರುವ ಸಿನಿಮಾ ಹಾಡುಗಳಿಗೆ. ಪೆರ್ಲದಲ್ಲಿ ಹಾಡಿದ ಮಧೂರು ಗಣಪತಿಯ ಭಕ್ತಿಗೀತೆಯ ಹಣ ಯಾವುದೋ ಹಿಂದಿ ಹಾಡಿಗೆ ಸೇರಿಹೋಗಬಹುದು. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲ, ಹಾಳೆ ಇರಲಿಲ್ಲ, ಅಷ್ಟೇ.

ನಮ್ಮ ತಂಡಗಳು ಪಟ್ಟಿ ಬರೆಯುವುದಿಲ್ಲ ಅಂತಲ್ಲ. ಕೀಬೋರ್ಡಿನವರ ಮುಂದೆ, ನಿರೂಪಕರ ಕೈಯಲ್ಲಿ ಒಂದು ಚೀಟಿ ಇದ್ದೇ ಇರುತ್ತದೆ. ಅದರಲ್ಲಿ ಹಾಡಿನ ಮೊದಲ ಎರಡು ಪದ, ಶ್ರುತಿ, ಯಾರು ಹಾಡುತ್ತಾರೆ ಎಂದು ಇರುತ್ತದೆ. ‘ಗಣಪತಿ, ಸಿ ಶಾರ್ಪ್, ಫೀಮೇಲ್’. ತಂಡಕ್ಕೆ ಅಷ್ಟು ಸಾಕು. ರಾಯಲ್ಟಿಗೆ ಸಾಕಾಗುವುದಿಲ್ಲ. ಹಾಡಿನ ಪೂರ್ತಿ ಮೊದಲ ಸಾಲು, ಸಾಹಿತ್ಯ ಯಾರದು, ಸಂಯೋಜನೆ ಯಾರದು, ಆಲ್ಬಮ್ಮಿನದಾದರೆ ಯಾವ ಆಲ್ಬಂ, ಇಷ್ಟು ಬೇಕು. ದಾಖಲಾದ ಹಾಡಿಗೆ ಐಎಸ್‌ಡಬ್ಲ್ಯೂಸಿ ಎಂಬ ಸಂಖ್ಯೆ ಸಿಗುತ್ತದೆ. ಅದನ್ನೂ ಬರೆದರೆ ಇನ್ನೂ ಒಳ್ಳೆಯದು. ಐಎಸ್‌ಆರ್‌ಸಿ ಎಂಬ ಇನ್ನೊಂದು ಸಂಖ್ಯೆ ಇದೆ, ಅದು ರೆಕಾರ್ಡಿಂಗಿನದು. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಅಮೆರಿಕದಲ್ಲಿ ಆಸ್ಕ್ಯಾಪ್, ಬಿಎಂಐ ಎಂಬ ಸಂಸ್ಥೆಗಳು ಬರೆದು ಹಾಡುವವರಿಂದಲೇ ಪಟ್ಟಿ ತೆಗೆದುಕೊಳ್ಳುತ್ತವೆ. ಎಲ್ಲಿ ಹಾಡಿದೆ, ಯಾವತ್ತು ಹಾಡಿದೆ, ಯಾವ ಹಾಡು ಎಂದು ಆನ್‌ಲೈನಿನಲ್ಲಿ ತುಂಬಿಸಿದರೆ ಸಣ್ಣ ಕಾಫಿ ಅಂಗಡಿಯ ವೇದಿಕೆಗೂ ಲೆಕ್ಕ ಸಿಗುತ್ತದೆ. ಇಲ್ಲಿಯೂ ಸಂಘಟಕರು ಕೊಡಲಿ ಎಂದು ಕಾಯುವ ಬದಲು ತಂಡದವರೇ ಪಟ್ಟಿ ಬರೆದು ಸಂಘಟಕರ ಕೈಗಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ. ಕಾಪಿರೈಟ್ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ಹಾಡು ನೋಂದಾಯಿಸಿದರೆ ರಾಯಲ್ಟಿ ತಾನಾಗಿ ಬರುತ್ತದೆ ಎಂದು ಕೆಲವರು ನಂಬಿದ್ದಾರೆ. ಆ ನೋಂದಣಿ ಕಡ್ಡಾಯವೂ ಅಲ್ಲ. ಹಾಡು ಬರೆದ ಕ್ಷಣದಿಂದ ಹಕ್ಕು ನಿಮ್ಮದೇ. ಜಗಳವಾದರೆ ಕೋರ್ಟಿನಲ್ಲಿ ನೋಂದಣಿಯ ಕಾಗದ ಸಾಕ್ಷಿಗೆ ಬರುತ್ತದೆ, ಅಷ್ಟೇ. ವಸೂಲಿ, ಹಂಚಿಕೆಗೆ ಸಂಸ್ಥೆಯ ಸದಸ್ಯತ್ವವೇ ಬೇಕು, ಹಾಡುಗಳನ್ನು ಅಲ್ಲಿ ಒಂದೊಂದಾಗಿ ದಾಖಲಿಸಬೇಕು.

ನಮ್ಮ ವೇದಿಕೆಗಳಲ್ಲಿ ಎಷ್ಟಕ್ಕೆ ರಾಯಲ್ಟಿ ಇದೆ?

ಕಾಯ್ದೆಯ 52ನೇ ಸೆಕ್ಷನ್ ಹಲವು ಕಡೆ ವಿನಾಯಿತಿ ಕೊಟ್ಟಿದೆ. ನಿಜವಾದ ಧಾರ್ಮಿಕ ವಿಧಿಯ ಭಾಗವಾಗಿ ಹಾಡಿದರೆ ಲೈಸೆನ್ಸ್ ಬೇಡ. ಕೇಂದ್ರ, ರಾಜ್ಯ ಸರಕಾರಗಳ ಮತ್ತು ಪಂಚಾಯತಿನಂಥ ಸ್ಥಳೀಯ ಸಂಸ್ಥೆಗಳ ಅಧಿಕೃತ ಸಮಾರಂಭಕ್ಕೂ ಬೇಡ. ಮದುವೆಯ ದಿಬ್ಬಣ, ಅದಕ್ಕೆ ಸೇರಿದ ಸಂಭ್ರಮಗಳಿಗೂ ಬೇಡ. ಮದುವೆಗಳಿಂದ ರಾಯಲ್ಟಿ ಕೇಳಬಾರದು ಎಂದು ಕೇಂದ್ರ ಸರಕಾರ 2023ರ ಜುಲೈಯಲ್ಲಿ ಮತ್ತೆ ನೋಟಿಸ್ ಹೊರಡಿಸಿತ್ತು. ಶಾಲೆಯಲ್ಲಿ ಮಕ್ಕಳು, ಮಾಸ್ತರರು ಹಾಡಿ, ಕೇಳುವವರು ಮಕ್ಕಳು, ಹೆತ್ತವರು, ಶಾಲೆಗೆ ಸಂಬಂಧಪಟ್ಟವರೇ ಆಗಿದ್ದರೆ ಬೇಡ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಮಾಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಮಾಡಿದರೆ ಬೇಡ.

ಹಾಗಾದರೆ ಕಾಸರಗೋಡಿನಲ್ಲಿ ಉಳಿಯುವುದು ಏನು? ಭಜನಾ ಮಂದಿರದ ವಾರದ ಭಜನೆ ಸ್ಪಷ್ಟವಾಗಿ ಹೊರಗೆ. ದೇವಸ್ಥಾನದ ಒಳಗೆ ಪೂಜೆಯ ಹೊತ್ತಿನ ಹಾಡೂ ಹೊರಗೆ. ಆದರೆ ಉತ್ಸವದ ರಾತ್ರಿ ಗದ್ದೆಯಲ್ಲಿ ಪೆಂಡಾಲ್ ಹಾಕಿ, ಲಕ್ಷಗಟ್ಟಲೆ ಕೊಟ್ಟು ವೃತ್ತಿಪರ ತಂಡವನ್ನು ಕರೆಸಿ, ಸಿನಿಮಾ ಹಾಡುಗಳ ಗಾನಮೇಳ ಮಾಡಿಸಿದರೆ? ಅದು ಧಾರ್ಮಿಕ ವಿಧಿ ಎಂದು ವಾದಿಸುವುದು ಕಷ್ಟ. ಹೋಟೆಲಿನ ಹೊಸವರ್ಷದ ಪಾರ್ಟಿ, ಟಿಕೆಟ್ ಇಟ್ಟ ಸಂಗೀತ ಸಂಜೆ, ಜವಳಿ ಅಂಗಡಿಯ ಉದ್ಘಾಟನೆಯ ಆರ್ಕೆಸ್ಟ್ರಾ, ಇವುಗಳಿಗೆ ಲೈಸೆನ್ಸ್ ಬೇಕೇ ಬೇಕು.

ಯಕ್ಷಗಾನದ ವಿಷಯ ಇನ್ನೂ ಕುತೂಹಲದ್ದು. ಹಳೆಯ ಕಾಲದ ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳಿಗೆ ಯಾರ ಅನುಮತಿಯೂ ಬೇಡ, ಅವು ಎಲ್ಲರವು. ಆದರೆ ಈಗಿನ ಪ್ರಸಂಗಕರ್ತರು ಬರೆದ ಹೊಸ ಪ್ರಸಂಗಕ್ಕೆ ಕಾಪಿರೈಟ್ ಇದೆ. ಪದ್ಯ ಹಳೆಯ ಮಟ್ಟಿನಲ್ಲಿದ್ದರೆ ಮಟ್ಟು ಎಲ್ಲರದು, ಮಾತು ಕವಿಯದು. ಮೇಳದವರು ಪ್ರಸಂಗ ಆಡುವಾಗ ಕವಿಯ ಹೆಸರು ಹೇಳುವುದು ಮರ್ಯಾದೆ, ಅನುಮತಿ ಕೇಳುವುದು ಕಾನೂನು. ಇದು ಬರೇ ಕಾಗದದ ಮಾತಲ್ಲ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಬಗ್ಗೆ ಉಡುಪಿಯಲ್ಲಿ ಶುರುವಾದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ಇತ್ಯರ್ಥವಾಯಿತು. ಉಯಿಲಿನ ಮೂಲಕ ಹಕ್ಕು ಪಡೆದವರ ಹಕ್ಕನ್ನು ಕೋರ್ಟ್ ಎತ್ತಿಹಿಡಿಯಿತು. 52ನೇ ಸೆಕ್ಷನ್ನಿನ ವಿನಾಯಿತಿಯೊಳಗೆ ಬರುವ ಪ್ರದರ್ಶನಕ್ಕೆ ಅಡ್ಡಿ ಇಲ್ಲ ಎಂದೂ ಹೇಳಿತು.

ಭಾಗವತರಿಗೂ ಒಂದು ಹಕ್ಕಿದೆ. ಅವರು ಕಲಾವಿದರು, ಅವರ ಹಾಡುಗಾರಿಕೆಯ ಮೇಲಿನ ಹಕ್ಕು 50 ವರ್ಷ ಇರುತ್ತದೆ. ಮುಂದಿನ ಸಾಲಿನಲ್ಲಿ ಕೂತು ಇಡೀ ರಾತ್ರಿಯ ಆಟವನ್ನು ಮೊಬೈಲಿನಲ್ಲಿ ಹಿಡಿದು, ಕೇಳದೆ ಯೂಟ್ಯೂಬಿಗೆ ಹಾಕಿ ಜಾಹೀರಾತಿನ ದುಡ್ಡು ಮಾಡುವುದು ಆ ಹಕ್ಕಿನ ಉಲ್ಲಂಘನೆ. ಅಭಿಮಾನದಿಂದಲೇ ಮಾಡುವವರು ಇದ್ದಾರೆ, ನಿಜ. ಒಂದು ಮಾತು ಕೇಳಿ ಮಾಡಿ ಎಂದಷ್ಟೇ ನನ್ನ ಬಿನ್ನಹ.

ಹಕ್ಕು ಎಷ್ಟು ಕಾಲ?

ಬರೆದವರ ಜೀವಮಾನ, ಆಮೇಲೆ 60 ವರ್ಷ. ಆ 60 ವರ್ಷದ ಲೆಕ್ಕ ತೀರಿಕೊಂಡ ಮುಂದಿನ ಜನವರಿ 1ರಿಂದ ಶುರು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಇದ್ದಾಗಲೇ ಪ್ರಕಟವಾದ ಕವನಗಳ ಹಕ್ಕು 2023ರ ಕೊನೆಗೆ ಮುಗಿಯಿತು. 2024ರ ಜನವರಿಯಿಂದ ಅವುಗಳಿಗೆ ಯಾರು ಬೇಕಾದರೂ ರಾಗ ಹಾಕಿ ಹಾಡಬಹುದು. ಹೊಸದಾಗಿ ರಾಗ ಹಾಕಿದವರಿಗೆ ಆ ರಾಗದ ರಾಯಲ್ಟಿ ಪೂರ್ತಿ ಸಿಗುತ್ತದೆ. ನಮ್ಮ ಯುವ ಸಂಯೋಜಕರು ಇದನ್ನು ಇನ್ನೂ ಗಮನಿಸಿದ ಹಾಗಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಹೋದದ್ದು 2015ರಲ್ಲಿ, ಅವರ ಕವನಗಳಿಗೆ ಹಕ್ಕು 2075ರ ಕೊನೆಯವರೆಗೆ.

ಮಾತು ಬಿಡುಗಡೆಯಾದರೂ ರಾಗ ಆಗಿರಬೇಕೆಂದಿಲ್ಲ. ಶಿಶುನಾಳ ಶರೀಫರ ತತ್ವಪದಗಳ ಮಾತು ಎಲ್ಲರದು. ಆದರೆ ನಾವು ವೇದಿಕೆಯಲ್ಲಿ ಹಾಡುವುದು ಹೆಚ್ಚಾಗಿ ಸಿ. ಅಶ್ವಥ್ ಅವರ ಸಂಯೋಜನೆಯಲ್ಲಿ. ಅಶ್ವಥ್ ಹೋದದ್ದು 2009ರಲ್ಲಿ, ಹಾಗಾಗಿ ಅವರ ಸಂಯೋಜನೆಗೆ ಹಕ್ಕು 2069ರವರೆಗೆ ಇದೆ. ದಾಸರ ಪದ ಹಾಡುವವರೂ ಇದೇ ಲೆಕ್ಕ ನೋಡಬೇಕು. ಸಂಪ್ರದಾಯದ ಧಾಟಿಯಾದರೆ ಮುಕ್ತ, ಇತ್ತೀಚಿನವರು ಹಾಕಿದ ಧಾಟಿಯಾದರೆ ಅಲ್ಲ.

ಇನ್ನು ಸ್ಟುಡಿಯೋದವರಿಗೆ ಹಾಡು ಕೊಡುವಾಗ ಏನು ನೋಡಬೇಕು? ಬಾಯಿಮಾತಿನಲ್ಲಿ ಹಕ್ಕು ವರ್ಗವಾಗುವುದಿಲ್ಲ, ಬರೆದು ಸಹಿ ಹಾಕಿದ ಕಾಗದ ಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಊರು ದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ. ಹಳೆಯ ಕ್ಯಾಸೆಟ್ ಕಾಲದಲ್ಲಿ ಬಾಯಿಮಾತಿನಲ್ಲಿ ಹಾಡು ಕೊಟ್ಟ ಹಿರಿಯರು ನಮ್ಮಲ್ಲಿ ಹಲವರು ಇದ್ದಾರೆ. ಅವರ ಹಾಡುಗಳ ಹಕ್ಕು ಈಗಲೂ ಅವರಲ್ಲೇ ಉಳಿದಿರುವ ಸಾಧ್ಯತೆ ಜಾಸ್ತಿ.

ಅಂಥವರು ತೀರಿಹೋಗಿದ್ದರೆ ಮಕ್ಕಳಿಗೆ ಆ ಹಕ್ಕು ಬರುತ್ತದೆ. ಅಪ್ಪನ ನೋಟ್‌ಬುಕ್ಕು, ಕ್ಯಾಸೆಟ್ಟಿನ ಮೇಲಿನ ಹೆಸರಿನ ಚೀಟಿ, ಬಿಡುಗಡೆ ಸಮಾರಂಭದ ಆಮಂತ್ರಣ ಪತ್ರಿಕೆ, ಎಲ್ಲವೂ ಹಾಡು ಯಾರದು ಎಂಬುದಕ್ಕೆ ಸಾಕ್ಷಿ. ಎಸೆಯಬೇಡಿ. ವಾರಸುದಾರರೆಂದು ತೋರಿಸುವ ದಾಖಲೆ ತಾಲೂಕು ಕಚೇರಿಯಿಂದ ಸಿಗುತ್ತದೆ. ಅದನ್ನೂ ಹಾಡುಗಳ ಪಟ್ಟಿಯನ್ನೂ ಇಟ್ಟುಕೊಂಡು ಸಂಸ್ಥೆಯನ್ನು ಕೇಳಬಹುದು. ಒಂದು ಊರಿನ ಭಕ್ತಿಗೀತೆಗೆ ಬರುವ ಮೊತ್ತ ದೊಡ್ಡದೇನೂ ಇರುವುದಿಲ್ಲ. ಆದರೆ ತಂಡಗಳು ಅದನ್ನು ಲೈಸೆನ್ಸ್ ಇರುವ ವೇದಿಕೆಗಳಲ್ಲಿ ಹಾಡುತ್ತ, ಪಟ್ಟಿ ಸರಿಯಾಗಿ ಹೋಗುತ್ತ ಇದ್ದರೆ, 60 ವರ್ಷದವರೆಗೆ ಆ ಮನೆಗೆ ಪಾಲು ಸಲ್ಲುತ್ತಲೇ ಇರಬೇಕು.